ಉಪ್ಪುನೀರಿನ ಮೀನು ತೊಟ್ಟಿಗೆ ನಲ್ಲಿ ನೀರು ಸಾಕೇ, ಫಿಲ್ಟರ್ ನೀರೇ ಬೇಕೇ?

ಬಣ್ಣದ ಮೀನು ಅಂದರೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಅಷ್ಟೇ ಅಂದುಕೊಳ್ಳುವ ಕಾಲ ಹೋಯಿತು. ಮೊಬೈಲಿನಲ್ಲಿ ಕಿತ್ತಳೆ ಮೈಯ, ಬಿಳಿ ಪಟ್ಟಿಯ ಕ್ಲೌನ್ ಮೀನಿನ ವಿಡಿಯೋ ನೋಡಿ ‘ಇದನ್ನೂ ಸಾಕಿ ಮಾರಬಹುದಲ್ಲ’ ಅನ್ನುವ ಯುವ ರೈತರಿದ್ದಾರೆ. ಯೋಚನೆ ತಪ್ಪಲ್ಲ. ಆದರೆ ಅದು ಸಮುದ್ರದ ಮೀನು. ಗುಂಡ್ಲುಪೇಟೆಯಿಂದ ಬಂಡೀಪುರ, ವಯನಾಡು ದಾಟಿ ಕೋಝಿಕ್ಕೋಡ್ ಕಡಲು ಮುಟ್ಟಲು ಸುಮಾರು 150 ಕಿ.ಮೀ. ಆಗುತ್ತದೆ. ಅಲ್ಲಿಂದ ವಾರವಾರ ಡ್ರಮ್ಮಿನಲ್ಲಿ ನೀರು ಹೊತ್ತು ತರುವುದು ನಡೆಯುವ ಮಾತಲ್ಲ. ಹಾಗಾಗಿ ಸಿಹಿನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪಿನ ಮಿಶ್ರಣ ಕಲಸಿ ಮನೆಯಲ್ಲೇ ಸಮುದ್ರದ ನೀರು ಮಾಡಿಕೊಳ್ಳಬೇಕು.

ಆ ಸಿಹಿನೀರು ಯಾವುದು? ಚಂದಕವಾಡಿಯಂಥ ಊರಿನಲ್ಲಿ ಎರಡು ದಾರಿ. ಒಂದು, ಮನೆ ನಲ್ಲಿಗೆ ಬರುವ ನೀರು ಅಥವಾ ಹೊಲದ ಬೋರ್ ನೀರು. ಇನ್ನೊಂದು, ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿಗೆ ಹಿಡಿಯುವ ಫಿಲ್ಟರ್ ನೀರು.

ಉತ್ತರ ಮೊದಲೇ ಹೇಳಿಬಿಡೋಣ: ಆರ್‌ಒ ಫಿಲ್ಟರ್ ನೀರೇ ಸರಿ, ಅದನ್ನೂ ಅಳೆದು ನೋಡಿ ಬಳಸಬೇಕು. ಯಾಕೆ ಅನ್ನುವುದು ಗೊತ್ತಾದರೆ ಯಾವಾಗ ನಲ್ಲಿ ನೀರಲ್ಲಿ ನಿಭಾಯಿಸಬಹುದು, ಯಾವಾಗ ಮುಟ್ಟಲೇಬಾರದು ಅನ್ನುವುದೂ ಗೊತ್ತಾಗುತ್ತದೆ.

ಗಡಸು ನೀರೇ ದೊಡ್ಡ ಶತ್ರು ಅಲ್ಲ

‘ನಮ್ಮ ಬೋರ್ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಕಟ್ಟುತ್ತೆ, ಅದಕ್ಕೇ ಮೀನಿಗೆ ಆಗಲ್ಲ’ ಅಂತ ಹಲವರು ಹೇಳುತ್ತಾರೆ. ಅರ್ಧ ಮಾತ್ರ ನಿಜ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಕ್ಯಾಲ್ಸಿಯಂ 400 ಮಿ.ಗ್ರಾಂ ಆಸುಪಾಸು, ಮೆಗ್ನೀಷಿಯಂ 1,300 ಮಿ.ಗ್ರಾಂ ಹತ್ತಿರ. ನೀರನ್ನು ಗಡಸು ಮಾಡುವುದು ಇವೆರಡೇ. ನಮ್ಮ ಎಂಥ ಗಡಸು ಬೋರ್ ನೀರೂ ಸಮುದ್ರದ ಮುಂದೆ ಮೃದುವೇ.

ಫ್ಲೋರೈಡ್ ಕಥೆಯೂ ಹೀಗೇ. ಕುಡಿಯುವ ನೀರಿಗೆ 1.5 ಮಿ.ಗ್ರಾಂ ಗರಿಷ್ಠ ಮಿತಿ. ಸಮುದ್ರದ ನೀರಿನಲ್ಲಿ ಸಹಜವಾಗಿಯೇ ಲೀಟರಿಗೆ ಸುಮಾರು 1.3 ಮಿ.ಗ್ರಾಂ ಫ್ಲೋರೈಡ್ ಇದೆ. ಮನುಷ್ಯರಿಗೆ ಇದು ಗಂಭೀರ ವಿಷಯ. ಮೀನು ತೊಟ್ಟಿಯ ಮಟ್ಟಿಗೆ ಮೊದಲ ಹೆದರಿಕೆ ಇದಲ್ಲ.

ಹಾಗಾದರೆ ತೊಂದರೆ ಕೊಡುವುದು ಯಾವುದು? ಇವು:

ನೈಟ್ರೇಟ್. ಹೊಲಕ್ಕೆ ಹಾಕಿದ ಯೂರಿಯಾ, ತಿಪ್ಪೆ, ಶೌಚಾಲಯದ ಗುಂಡಿ, ಇವೆಲ್ಲದರ ಸಾರಜನಕ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಅರಿಶಿನ, ಬಾಳೆ, ಕಬ್ಬು, ತರಕಾರಿಗೆ ಹೆಚ್ಚು ಗೊಬ್ಬರ ಬೀಳುವ ಜಾಗದ ಬಾವಿ, ಬೋರುಗಳಲ್ಲಿ ಇದನ್ನು ಪರೀಕ್ಷೆ ಮಾಡಿಸಲೇಬೇಕು.

ಫಾಸ್ಫೇಟ್ ಮತ್ತು ಸಿಲಿಕಾ. ನಮ್ಮದು ಕರಿಕಲ್ಲಿನ ನಾಡು. ಕಲ್ಲಿನ ಸಂದಿಯಲ್ಲಿ ನಿಂತ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ. ತೊಟ್ಟಿಯ ಗಾಜಿಗೆ, ಮರಳಿಗೆ ಕಂದು ಪಾಚಿ ಹಿಡಿಯಲು ಇದು ಒಂದು ಕಾರಣ. ಫಾಸ್ಫೇಟ್ ಇದ್ದರೆ ಹಸಿರು ಪಾಚಿಯೂ ಜೊತೆಗೆ.

ತಾಮ್ರ. ಮೀನು ಸ್ವಲ್ಪ ತಡೆದುಕೊಂಡೀತು. ಸಿಗಡಿ, ಶಂಖದ ಹುಳು, ಏಡಿಗಳಿಗೆ ತೀರಾ ಅತ್ಯಲ್ಪ ತಾಮ್ರವೂ ವಿಷ. ಹಿತ್ತಾಳೆ ಫಿಟ್ಟಿಂಗ್, ತಾಮ್ರದ ಹಂಡೆ, ಹಿತ್ತಾಳೆ ಕೊಡ ಎಲ್ಲದರಿಂದಲೂ ಇದು ಬರಬಹುದು.

ಕ್ಲೋರಿನ್. ಪಂಚಾಯಿತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ನಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟರೆ ಮೀನಿನ ಕಿವಿರು ಸುಡುತ್ತದೆ. ತೊಟ್ಟಿಯ ಕೊಳೆಯನ್ನು ತಿಂದು ನೀರು ಹಸನು ಮಾಡುವ ಒಳ್ಳೆ ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ.

ಇವುಗಳ ಜೊತೆ ಒಂದು ಸಣ್ಣ ಕಿರಿಕಿರಿ ಕ್ಷಾರೀಯತೆ. ಸಮುದ್ರ ಉಪ್ಪಿನ ಮಿಶ್ರಣದಲ್ಲಿ ಬೇಕಾದಷ್ಟು ಬೈಕಾರ್ಬೊನೇಟ್ ಸೇರಿಸಿಯೇ ಇರುತ್ತಾರೆ. ಬೋರ್ ನೀರಿನದ್ದೂ ಅದಕ್ಕೆ ಕೂಡಿದರೆ ಹೆಚ್ಚಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹೀಟರ್, ಪಂಪಿನ ಮೇಲೆ ಬಿಳಿ ಪದರ ಕಟ್ಟುತ್ತದೆ.

ಆವಿಯಾಗುವುದು ನೀರು, ಉಳಿಯುವುದು ಮಿಕ್ಕಿದ್ದೆಲ್ಲ

ಈ ಪಾಠದ ಮುಖ್ಯ ಭಾಗ ಇದು. ತೊಟ್ಟಿಯಿಂದ ದಿನವೂ ನೀರು ಆರುತ್ತದೆ. ಬೇಸಿಗೆಯಲ್ಲಿ, ಫ್ಯಾನ್ ಗಾಳಿಗೆ ಇನ್ನೂ ಜಾಸ್ತಿ. ಹೋಗುವುದು ನೀರು ಮಾತ್ರ. ಉಪ್ಪು, ನೈಟ್ರೇಟ್, ತಾಮ್ರ ಎಲ್ಲ ತೊಟ್ಟಿಯಲ್ಲೇ ಕೂರುತ್ತವೆ. ಕಡಿಮೆಯಾದಷ್ಟು ಸಿಹಿನೀರನ್ನು ನಾವು ಮೇಲೆ ತುಂಬುತ್ತೇವೆ. ಆ ನೀರಿನಲ್ಲಿ ಏನಿದೆಯೋ ಅದು ದಿನದಿನಕ್ಕೂ ಜಮಾ ಆಗುತ್ತದೆ. ಹನಿ ನೀರಾವರಿಯ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟುವುದನ್ನು ನೋಡಿದ್ದೀರಲ್ಲ? ಅದೇ ಕೆಲಸ ಇಲ್ಲಿ ತೊಟ್ಟಿಯೊಳಗೆ ನಡೆಯುತ್ತದೆ.

ಲೆಕ್ಕ ಹಾಕೋಣ. 100 ಲೀಟರ್ ತೊಟ್ಟಿ, ದಿನಕ್ಕೆ 2 ಲೀಟರ್ ಆವಿ ಅಂತ ಇಟ್ಟುಕೊಳ್ಳಿ. ಬೋರ್ ನೀರಿನ ಟಿಡಿಎಸ್ 800 ಇದ್ದರೆ, ಅಂದರೆ ಲೀಟರಿಗೆ 800 ಮಿ.ಗ್ರಾಂ ಕರಗಿದ ವಸ್ತು ಇದ್ದರೆ, ದಿನಕ್ಕೆ 1.6 ಗ್ರಾಂ, ತಿಂಗಳಿಗೆ 48 ಗ್ರಾಂ, ವರ್ಷಕ್ಕೆ 584 ಗ್ರಾಂ ತೊಟ್ಟಿಗೆ ಬೀಳುತ್ತದೆ. ಟಿಡಿಎಸ್ 30 ಇರುವ ಆರ್‌ಒ ನೀರಾದರೆ ವರ್ಷಕ್ಕೆ 22 ಗ್ರಾಂ ಅಷ್ಟೇ.

ನೈಟ್ರೇಟ್ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ. ನಿಮ್ಮ ನೀರು ಸರಿಯಾಗಿ 45ರಲ್ಲಿ ಇದೆ ಅಂದುಕೊಳ್ಳಿ. ಕುಡಿಯಲು ಪಾಸು. ತೊಟ್ಟಿಗೆ? ತುಂಬಿದ ಮೊದಲ ದಿನವೇ 45. ಬರೀ ಮೀನು ಸಾಕುವ ತೊಟ್ಟಿಯಲ್ಲೂ ನೈಟ್ರೇಟ್ 40 ದಾಟದಂತೆ ನೋಡಿಕೊಳ್ಳುವುದು ರೂಢಿ. ಮೇಲೆ ತುಂಬುವ 2 ಲೀಟರಿನಿಂದ ದಿನಕ್ಕೆ 90 ಮಿ.ಗ್ರಾಂ ಸೇರಿದರೆ ಒಂದು ತಿಂಗಳಿಗೆ ಲೀಟರಿಗೆ ಇನ್ನೂ 27 ಏರುತ್ತದೆ. ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಬರುವುದು ಬೇರೆ. ‘ವಾರಕ್ಕೊಮ್ಮೆ ನೀರು ಬದಲಿಸ್ತೀನಿ, ಸರಿ ಹೋಗುತ್ತೆ’ ಅಂದರೆ, ಬದಲಿಸುವ ನೀರಿನಲ್ಲೇ 45 ಇರುವಾಗ ಅದಕ್ಕಿಂತ ಕೆಳಗೆ ಇಳಿಯುವುದು ಹೇಗೆ? ಕೆಸರು ನೀರಿನಲ್ಲಿ ಬಿಳಿ ಪಂಚೆ ಒಗೆದ ಹಾಗೆ.

ಆದ್ದರಿಂದ ಒಂದು ಸೂತ್ರ ನೆನಪಿಡಿ: ಕುಡಿಯಲು ಯೋಗ್ಯವಾದ ನೀರೆಲ್ಲ ತೊಟ್ಟಿಗೆ ಯೋಗ್ಯ ಅಲ್ಲ. ನಾವು ಕುಡಿದದ್ದು ಮೈಯಿಂದ ಹೊರಗೆ ಹೋಗುತ್ತದೆ. ತೊಟ್ಟಿಗೆ ಬಿದ್ದದ್ದು ಅಲ್ಲೇ ಉಳಿಯುತ್ತದೆ.

ಫಿಲ್ಟರ್ ನೀರು ಅಂತ ಕಣ್ಣು ಮುಚ್ಚಿ ನಂಬಬೇಡಿ

‘ಫಿಲ್ಟರ್’ ಅನ್ನುವ ಒಂದೇ ಪದದಲ್ಲಿ ನಾಲ್ಕು ಬೇರೆ ಬೇರೆ ಯಂತ್ರ ಇವೆ. ಕ್ಯಾಂಡಲ್ ಫಿಲ್ಟರ್ ಕಸ ತಡೆಯುತ್ತದೆ. ಯುವಿ ದೀಪ ರೋಗಾಣು ಕೊಲ್ಲುತ್ತದೆ. ಇದ್ದಿಲು ಫಿಲ್ಟರ್ ಕ್ಲೋರಿನ್, ವಾಸನೆ ತೆಗೆಯುತ್ತದೆ. ಈ ಮೂರೂ ಕರಗಿದ ನೈಟ್ರೇಟನ್ನು ತೆಗೆಯುವುದಿಲ್ಲ. ಕರಗಿದ ಲವಣಗಳ ಬಹುಪಾಲನ್ನು ತಡೆಯುವುದು ಆರ್‌ಒ ಪೊರೆ ಒಂದೇ. ನೀರು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆರಿ ಇನ್ನಷ್ಟು ಗಟ್ಟಿಯಾಗುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್ ಕೂಡ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ ಅಷ್ಟೇ.

ಊರಿನ ಘಟಕದಲ್ಲಿ ಆರ್‌ಒ ಇದ್ದರೂ ಎರಡು ಸಂಗತಿ ಗಮನಿಸಿ. ಒಂದು, ಪೊರೆ ಹಳೆಯದಾದರೆ ಲವಣ ಸೋರುತ್ತದೆ. ಎರಡು, ಕುಡಿಯಲು ರುಚಿ ಇರಲಿ ಅಂತ ಕೆಲವು ಕಡೆ ಶುದ್ಧ ನೀರಿಗೆ ಸ್ವಲ್ಪ ಕಚ್ಚಾ ನೀರು ಬೆರೆಸಿ ಕೊಡುತ್ತಾರೆ. ಕುಡಿಯುವವರಿಗೆ ಅದು ಸರಿ, ತೊಟ್ಟಿಗೆ ಅಲ್ಲ.

ಇದನ್ನು ಹಿಡಿಯಲು ಪೆನ್ನಿನಷ್ಟು ದೊಡ್ಡ ಟಿಡಿಎಸ್ ಮೀಟರ್ ಸಾಕು. ಕ್ಯಾನಿನ ನೀರಿಗೆ ಅದ್ದಿ ಅಂಕಿ ನೋಡಿ. 50ರ ಒಳಗಿದ್ದರೆ ಮೀನು ತೊಟ್ಟಿಗೆ ಧೈರ್ಯವಾಗಿ ಬಳಸಿ. 50ರಿಂದ 100 ಇದ್ದರೆ ನೈಟ್ರೇಟ್ ಪರೀಕ್ಷೆ ಮಾಡಿ ಬಳಸಿ. 100 ದಾಟಿದರೆ ಪೊರೆ ಹಳೆಯದೋ, ಕಚ್ಚಾ ನೀರು ಬೆರೆಸುತ್ತಿದ್ದಾರೋ ಅಂತ ಘಟಕ ನೋಡಿಕೊಳ್ಳುವವರನ್ನು ಕೇಳಿ. ಪ್ರತಿ ಸಲ ನೀರು ತಂದಾಗ ಅಂಕಿಯನ್ನು ಮೊಬೈಲಿನಲ್ಲಿ ಬರೆದಿಡಿ. 25 ಇದ್ದದ್ದು ಮೆಲ್ಲಗೆ 60, 90 ಅಂತ ಏರಿದರೆ ಪೊರೆಯ ಆಯಸ್ಸು ಮುಗಿಯುತ್ತಾ ಬಂತು ಅಂತ ಅರ್ಥ.

ಸಿಗಡಿಯಂಥ ಸೂಕ್ಷ್ಮ ಜೀವಿ ಸಾಕುವವರು ಆರ್‌ಒ ನಂತರ ಡಿಐ ರೆಸಿನ್ ಕೊಳವೆ ಜೋಡಿಸಿ ಟಿಡಿಎಸ್ ಸೊನ್ನೆಗೆ ಇಳಿಸುತ್ತಾರೆ. ಮೀನು ಮಾತ್ರ ಸಾಕುವವರಿಗೆ ಶುರುವಿಗೆ ಇದು ಬೇಡ.

ಟಿಡಿಎಸ್ ಮೀಟರ್ ಒಟ್ಟು ಎಷ್ಟು ಅಂತ ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ಅದಕ್ಕೆ ಒಮ್ಮೆ ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಅಡಿ ಊರೂರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಪ್ರತಿ ಊರಿನ ಐದು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಸಲಹೆ ಕೇಳಬಹುದು. ನೀರಾವರಿಗೆ ಅಂತ ಮಾಡಿಸಿದ ಹಳೇ ವರದಿ ಮನೆಯಲ್ಲಿದ್ದರೆ ಅದರ ಇಸಿ ಅಂಕಿಯನ್ನು 640ರಿಂದ ಗುಣಿಸಿ. ಇಸಿ 1.25 ಅಂದರೆ ಟಿಡಿಎಸ್ ಸುಮಾರು 800.

ದುಡ್ಡಿನ ಲೆಕ್ಕ

ನಲ್ಲಿ ನೀರು ಬಳಸಿದರೆ ಉಳಿಯುವುದೆಷ್ಟು? ಅದೇ 100 ಲೀಟರ್ ತೊಟ್ಟಿ. ಮೊದಲ ಸಲ ತುಂಬಲು 100 ಲೀಟರ್. ದಿನಕ್ಕೆ 2 ಲೀಟರಿನಂತೆ ವರ್ಷಕ್ಕೆ 730. ವಾರಕ್ಕೆ 10 ಲೀಟರ್ ಬದಲಿಸಿದರೆ 520. ಒಟ್ಟು 1,350 ಲೀಟರ್, ಅಂದರೆ 20 ಲೀಟರಿನ 68 ಕ್ಯಾನ್. ಕ್ಯಾನಿಗೆ 5 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 340 ರೂಪಾಯಿ. ನಿಮ್ಮೂರಲ್ಲಿ ದರ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ.

ತೊಟ್ಟಿ, ಪಂಪು, ಉಪ್ಪಿನ ಮಿಶ್ರಣ, ಮೀನು, ಕರೆಂಟು, ಇವೆಲ್ಲದರ ಖರ್ಚಿನ ಮುಂದೆ ನೀರಿನದ್ದೇ ಅತಿ ಕಡಿಮೆ. ಅದರಲ್ಲಿ ಉಳಿಸಲು ಹೋಗಿ ಮಿಕ್ಕಿದ್ದನ್ನೆಲ್ಲ ಅಪಾಯಕ್ಕೆ ಒಡ್ಡುವುದು ಜಾಣತನ ಅಲ್ಲ.

ಮನೆಯಲ್ಲೇ ಸಣ್ಣ ಆರ್‌ಒ ಇದ್ದರೆ ಅದನ್ನೂ ಬಳಸಬಹುದು. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಹೋಗುತ್ತದೆ. ಕಚ್ಚಾ ನೀರು 800 ಇದ್ದರೆ ಹೊರ ಹೋಗುವುದು 1,050 ದಾಟಿರುತ್ತದೆ. ಅದನ್ನು ನೆಲ ತೊಳೆಯಲು, ಶೌಚಾಲಯಕ್ಕೆ ಬಳಸಿ. ಸಸಿ ಮಡಿಗೆ ಬಿಡಬೇಡಿ.

ನಲ್ಲಿ ನೀರೇ ಗತಿ ಅನ್ನುವವರಿಗೆ

ಘಟಕ ಕೆಟ್ಟಿರುತ್ತದೆ, ಕರೆಂಟು ಇರುವುದಿಲ್ಲ. ಅಂಥ ಹೊತ್ತಿಗೆ ಈ ಕ್ರಮ ಅನುಸರಿಸಿ.

ಮೀನು ಮಾತ್ರ ಇರುವ ತೊಟ್ಟಿಯಾಗಿರಲಿ. ನಲ್ಲಿ ನೀರಿನ ಟಿಡಿಎಸ್ 200ರ ಒಳಗೆ, ನೈಟ್ರೇಟ್ 10ರ ಒಳಗೆ ಇದ್ದರೆ ನೀರು ಬದಲಿಸಲು ಬಳಸಬಹುದು. ಇದು ಸುರಕ್ಷಿತ ಅಂದಾಜು. ಬ್ಲೀಚಿಂಗ್ ಯಾವತ್ತು ಹಾಕುತ್ತಾರೆ ಅಂತ ನೀರಗಂಟಿಯನ್ನು ಕೇಳಿ, ಆ ದಿನ ಹಿಡಿಯಬೇಡಿ. ಹಿಡಿದ ನೀರನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಾಳಿ ಪಂಪು ಹಾಕಿ 24 ಗಂಟೆ ಬಿಡಿ. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯನ್ನು ಲೇಬಲ್ ಪ್ರಕಾರ ಹಾಕಿ.

ಆರ್‌ಒ ನೀರು ಸ್ವಲ್ಪವೇ ಇದ್ದರೆ ಅದನ್ನು ಯಾವುದಕ್ಕೆ ಮೀಸಲಿಡಬೇಕು? ದಿನಾ ಮೇಲೆ ತುಂಬುವುದಕ್ಕೆ. ಜಮಾ ಆಗುವುದು ಅಲ್ಲೇ ಅಂತ ಮೇಲಿನ ಲೆಕ್ಕ ಹೇಳಿತಲ್ಲ.

ಮಳೆ ನೀರೂ ಒಳ್ಳೆಯದೇ. 20 ಚದರ ಮೀಟರ್ ಮಾಳಿಗೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ 200 ಲೀಟರ್ ಆಗುತ್ತದೆ. ಮೊದಲ ಹದ ಮಳೆಯ ನೀರು ಬಿಟ್ಟು, ಆಮೇಲಿನದ್ದು ಹಿಡಿದು, ಟಿಡಿಎಸ್ ನೋಡಿ ಬಳಸಿ. ತಗಡಿನ ಸೂರಿನ ನೀರು ಬೇಡ, ಸತು ಬರುತ್ತದೆ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ದರೆ ಆ ವಾರದ ಮಳೆ ನೀರೂ ಬೇಡ.

ಕಲಸುವ ಕ್ರಮ

ಕಲ್ಲುಪ್ಪು, ಅಡುಗೆ ಉಪ್ಪು ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ಮೊದಲು ಕ್ಯಾಲ್ಸಿಯಂ ಬೇರೆಯಾಗಿ ತಳ ಸೇರುತ್ತದೆ, ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ಮೆಗ್ನೀಷಿಯಂ, ಪೊಟ್ಯಾಷಿಯಂ ಉಳಿದ ಕಹಿನೀರಿನಲ್ಲಿ ಹೊರಗೆ ಹೋಗುತ್ತವೆ. ಕಲ್ಲುಪ್ಪು ಕರಗಿಸಿದರೆ ಸಿಗುವುದು ಉಪ್ಪುನೀರು, ಸಮುದ್ರದ ನೀರಲ್ಲ.

1. ಆಹಾರ ದರ್ಜೆಯ ಹೊಸ ಪ್ಲಾಸ್ಟಿಕ್ ಡ್ರಮ್ಮು, ಬಕೆಟ್ಟು ಇದಕ್ಕೇ ಅಂತ ಮೀಸಲಿಡಿ. ಔಷಧಿ ಕ್ಯಾನು, ಸ್ಪ್ರೇಯರ್ ಟ್ಯಾಂಕು ಎಷ್ಟು ತೊಳೆದರೂ ಬಳಸಲೇಬೇಡಿ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕದ ಲೇಶ ಉಳಿದರೂ ಮೀನು ಸಾಯುತ್ತದೆ. ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಹಾಕಬೇಡಿ.

2. ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ. 10 ಲೀಟರಿಗೆ ಸುಮಾರು 370 ಗ್ರಾಂ ಬೇಕಾಗುತ್ತದೆ, ಪೊಟ್ಟಣದ ಮೇಲಿನ ಪ್ರಮಾಣವೇ ಅಂತಿಮ.

3. ಸಣ್ಣ ಪಂಪಿನಿಂದ 24 ಗಂಟೆ ತಿರುಗಿಸಿ. ಹೈಡ್ರೋಮೀಟರಿನಲ್ಲಿ 1.025 ಆಸುಪಾಸು ಬಂದಿದೆಯಾ ನೋಡಿ.

4. ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ದಿನಾ ಆ ಗೆರೆವರೆಗೆ ಸಿಹಿ ಆರ್‌ಒ ನೀರು ಮಾತ್ರ ತುಂಬಿ. ಇಲ್ಲಿ ಉಪ್ಪುನೀರು ತುಂಬಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

5. ಮೀನು ಬಿಡುವ ಮೊದಲು ನಾಲ್ಕರಿಂದ ಆರು ವಾರ ತೊಟ್ಟಿ ಪಕ್ವವಾಗಲಿ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಕಾಲ ಬೇಕು. ಎಷ್ಟು ಶುದ್ಧ ನೀರು ತಂದರೂ ಈ ಕಾಯುವಿಕೆ ತಪ್ಪಿದ್ದಲ್ಲ.

ಹಳೇ ನೀರು ಹೊಲಕ್ಕೆ ಬೇಡ

ಸಿಹಿನೀರಿನ ಮೀನು ತೊಟ್ಟಿಯ ಹಳೇ ನೀರು ಗಿಡಕ್ಕೆ ಗೊಬ್ಬರ. ಉಪ್ಪುನೀರಿನ ತೊಟ್ಟಿಯದ್ದು ಗಿಡಕ್ಕೆ ವಿಷ. ವಾರಕ್ಕೆ 10 ಲೀಟರ್ ತೆಗೆದರೆ 350 ಗ್ರಾಂ ಉಪ್ಪು. ವರ್ಷಕ್ಕೆ 18 ಕೆ.ಜಿ. ಮೀರುತ್ತದೆ. ನೀರಾವರಿ ನೀರಿನ ಇಸಿ 3 ದಾಟಿದರೇ ಬೆಳೆಗೆ ಕಷ್ಟ. ಸಮುದ್ರದ ನೀರಿನದ್ದು 50ರ ಮೇಲೆ. ಎರೆ ಭೂಮಿಗೆ ಸೋಡಿಯಂ ಸೇರಿದರೆ ಮಣ್ಣು ಬಿಗಿದು ನೀರು ಇಂಗುವುದು ನಿಲ್ಲುತ್ತದೆ. ಅದನ್ನು ಸರಿ ಮಾಡಲು ಜಿಪ್ಸಂ, ವರ್ಷಗಟ್ಟಲೆ ಕಾಲ ಎರಡೂ ಬೇಕು.

ಹಾಗಾಗಿ ತೆಂಗಿನ ಬುಡಕ್ಕೆ, ಬೋರಿನ ಹತ್ತಿರ, ಕೆರೆಗೆ ಹೋಗುವ ಚರಂಡಿಗೆ ಸುರಿಯಬೇಡಿ. ಬಿಸಿಲಲ್ಲಿ ಒಂದು ಚದರ ಮೀಟರಿನಷ್ಟು ಟಾರ್ಪಾಲಿನ ತಟ್ಟೆ ಮಾಡಿ, 10 ಲೀಟರ್ ಹರಡಿ. ಬೇಸಿಗೆಯಲ್ಲಿ ಎರಡು ಮೂರು ದಿನದಲ್ಲಿ ಆರುತ್ತದೆ. ಉಳಿದ ಉಪ್ಪನ್ನು ಚೀಲಕ್ಕೆ ತುಂಬಿ ಒಣ ಕಸಕ್ಕೆ ಕೊಡಿ. ದನ ನೆಕ್ಕದಂತೆ ಬೇಲಿ ಇರಲಿ, ತಿಪ್ಪೆಗೆ ಸೇರಿಸಬೇಡಿ. ಮಳೆಗಾಲದಲ್ಲಿ ತಟ್ಟೆಗೆ ಸೂರು ಬೇಕು. ಇಷ್ಟು ವ್ಯವಸ್ಥೆಗೆ ಜಾಗ ಇಲ್ಲದಿದ್ದರೆ ಉಪ್ಪುನೀರಿನ ಸಾಕಣೆಯನ್ನು ದೊಡ್ಡದು ಮಾಡಲೇಬೇಡಿ.

ಬಂಡವಾಳ ಹಾಕುವ ಮುಂಚೆ

ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಶುರುವಾದಾಗ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ಗೊತ್ತುಪಡಿಸಿದ್ದರು. ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಆದರೆ ಸಹಾಯಧನ ಹೋಗಿ ಉಳಿದದ್ದು ನಿಮ್ಮ ಜೇಬಿನದ್ದೇ. ಒಂದು ತೊಟ್ಟಿಯಲ್ಲಿ ಆರು ತಿಂಗಳು ನೀರು ಹಿಡಿತಕ್ಕೆ ತಂದ ಮೇಲೆ ಹತ್ತು ತೊಟ್ಟಿಯ ಮಾತು.

ಮೀನು ಕೊಳ್ಳುವಾಗ ಮರಿಕೇಂದ್ರದಲ್ಲಿ ಹುಟ್ಟಿದ್ದನ್ನೇ ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ತಂತ್ರ ರೂಪಿಸಿದೆ. ಹವಳ, ಕಡಲ ಕುದುರೆ ಮಾತ್ರ ಯಾರು ಕೊಟ್ಟರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವು ರಕ್ಷಿತ, ಮಾರುವುದೂ ಕೊಳ್ಳುವುದೂ ಅಪರಾಧ.

ಈ ವಾರದ ಕೆಲಸ ಇಷ್ಟೇ: ಒಂದು ಟಿಡಿಎಸ್ ಮೀಟರ್ ತನ್ನಿ. ಮನೆ ನಲ್ಲಿ, ಹೊಲದ ಬೋರು, ಊರಿನ ಘಟಕ, ಮೂರೂ ನೀರನ್ನು ಮೂರು ಲೋಟದಲ್ಲಿ ಹಿಡಿದು ಅಳೆದು ಬರೆದಿಡಿ. ಆಮೇಲೆ ಬೋರು ಮತ್ತು ಘಟಕದ ನೀರಿಗೆ ನೈಟ್ರೇಟ್ ಪರೀಕ್ಷೆ ಮಾಡಿಸಿ. ತೊಟ್ಟಿ ಕೊಳ್ಳುವುದು ಆ ಅಂಕಿಗಳು ಕೈಗೆ ಬಂದ ನಂತರ.